ಕೆಂಪು ಪಟ್ಟಿಯ ಪಿನ್ನು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಗಂಡನದೇ ತಪ್ಪು ಅಂತಿದೆ ಕಂಪನಿ. ಸತ್ತವರ ತಲೆಗೆ ಕಟ್ಟೋದು ಸುಲಭ ಅಲ್ವಾ? ಕಂಪ್ಲೇಂಟ್ ತಗೊಳ್ಳಿ."

ಹಿಂದೆ ನಿಂತಿದ್ದ ಅವಳ ಅಪ್ಪ, ಅದೇ ಕಂಪನಿಯ ಮೆಕ್ಯಾನಿಕ್, "ಬಿಡಮ್ಮ, ಮನೆಗೆ ಹೋಗೋಣ" ಎಂದರು. ಬಿಡುವ ಪೈಕಿ ಅಲ್ಲ ಅವಳು. ಎಫ್‌ಐಆರ್ ದಾಖಲಾಯಿತು.

ಭಾನುವಾರ ಪೈಲಟ್ ಆಗಿದ್ದ ಅವಳ ಗಂಡ ಒಬ್ಬನೇ ಹೊರಟಿದ್ದ ಸಣ್ಣ ವಿಮಾನ ಟೇಕಾಫ್‌ನಲ್ಲಿ ಮೇಲೇಳದೆ ರನ್‌ವೇ ತುದಿಯ ಗೋಡೆಗೆ ಅಪ್ಪಳಿಸಿತ್ತು. ಪಂಚನಾಮೆಗೆ ಹೋದ ಇನ್‌ಸ್ಪೆಕ್ಟರ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುರಿದು ಬಿದ್ದ ಬಾಲವನ್ನೇ ಸುತ್ತುತ್ತಿದ್ದರು. ನಿಂತ ವಿಮಾನದ ಬಾಲದ ರೆಕ್ಕೆ ಗಾಳಿಗೆ ಬಡಿದಾಡದಿರಲೆಂದು ಅಲ್ಲೊಂದು ಪಿನ್ನು ಸಿಕ್ಕಿಸುತ್ತಾರೆ. ಹಾರುವ ಮುಂಚೆ ಮೆಕ್ಯಾನಿಕ್ ಅದನ್ನು ಕಿತ್ತು, ಅದರ ಕೆಂಪು ಪಟ್ಟಿಯನ್ನು ಪೈಲಟ್‌ಗೆ ಎತ್ತಿ ತೋರಿಸಬೇಕು. ಮರೆತರೆ ವಿಮಾನ ಏಳುವುದಿಲ್ಲ. ಈಗ ಪಿನ್ನಿನ ತೂತು ಹರಿದಿತ್ತು, ಅಂಚಿನಲ್ಲಿ ಕೆಂಪು ನೂಲು ಸಿಕ್ಕಿಕೊಂಡಿತ್ತು. ಪಿನ್ನು ಇರಲಿಲ್ಲ.

"ಕಿತ್ತಿದ್ರಾ?"

"ಕಿತ್ತೆ ಸಾರ್. ಎಲ್ಲರ ಕಣ್ಣೆದುರೇ ತೋರಿಸಿದೆ." ಮೆಕ್ಯಾನಿಕ್ ಜೇಬಿನಿಂದ ಪಿನ್ನು ತೆಗೆದುಕೊಟ್ಟರು.

ಒಂದು ಗೀರಿಲ್ಲ, ಜಿಡ್ಡಿಲ್ಲ. "ಮದುಮಗನ ಹಾಗಿದೆಯಲ್ಲ ಸಾರ್" ಎಂದ ಕಾನ್‌ಸ್ಟೇಬಲ್.

"ಬಿದ್ದಾಗ ಮೊದಲು ಹೋದವರು ಯಾರು?"

"ನಾವೆಲ್ಲ ಪೈಲಟ್ ಹತ್ರ ಓಡಿದ್ವಿ" ಎಂದ ಅಗ್ನಿಶಾಮಕದವನು. "ಇವರು ಕುಂಟ್ಕೊಂಡು ಬಾಲದ ಕಡೆ ಹೋದ್ರು. ಅಳಿಯ ಅಲ್ವಾ, ಪಾಪ, ದಿಕ್ಕು ತೋಚದೆ ಅಂದ್ಕೊಂಡ್ವಿ."

ಇನ್‌ಸ್ಪೆಕ್ಟರ್ ಮೆಕ್ಯಾನಿಕ್‌ನ ಸಾಮಾನು ತಪಾಸಣೆಗೆ ಹೇಳಿದರು. ತಮ್ಮ ಊಹೆ ಸುಳ್ಳಾಗಲಿ ಎಂದು ಮನಸ್ಸಾರೆ ಬಯಸಿದರು. ಸುಳ್ಳಾಗಲಿಲ್ಲ. ಟೂಲ್‌ಬಾಕ್ಸ್ ತಳದಲ್ಲಿ ಸೊಟ್ಟಗಾದ ಪಿನ್ನು ಸಿಕ್ಕಿತು, ಹರಿದ ಪಟ್ಟಿಯ ಸಮೇತ.

ಸಂಜೆ ಠಾಣೆಯಲ್ಲಿ ಮುದುಕ ಮಗಳ ಮುಖ ನೋಡಲಿಲ್ಲ. "ಮಂಡಿ ಹೋಗಿದೆ ಕಣಮ್ಮ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ. ಪಿನ್ನು ಸಿಕ್ಕಿಸೋಕೆ ಮಂಡಿ ಊರಬೇಕು, ಅದಕ್ಕೇ ಸಿಕ್ಕಿಸೋದೇ ಬಿಟ್ಟಿದ್ದೆ. ಬೆಳಗ್ಗೆ ಜೇಬಿನದನ್ನೇ ತೋರಿಸ್ತಿದ್ದೆ. ಅವತ್ತು ವಿಮಾನದಲ್ಲಿಟ್ಟಿರೋ ಇನ್ನೊಂದು ಪಿನ್ನು ಬಾಲದಲ್ಲಿ ಹೇಗೆ ಬಂತೋ, ದೇವರಾಣೆ ಗೊತ್ತಿಲ್ಲ."

"ಅಳಿಯ ತಾನೂ ನೋಡ್ಕೋಬೇಕಿತ್ತಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಮಾವ ಪಟ್ಟಿ ಎತ್ತಿದ್ರೆ ಮುಗೀತು ಅಂತಿದ್ದ."

ಮಗಳು ಬೆಳಗಿನಿಂದ ಮೊದಲ ಸಲ ಕೂತಳು.

"ಅವರೇ ಹಾಕಿದ್ರು ಅಪ್ಪಾ. ಹಿಂದಿನ ಸಂಜೆ ಗಾಳಿ ಜೋರಿತ್ತು. ಅಪ್ಪನಿಗೆ ಮಂಡಿ ನೋವು, ನೀವೇ ಸಿಕ್ಕಿಸಿ ಬನ್ನಿ, ಅವರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂತ ನಾನೇ ಕಳಿಸಿದ್ದೆ."



ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ ಎಂದು ಬರೆದು ಮುದುಕರನ್ನು ಬಂಧಿಸಿದರು. ಬಂಧನದ ವಿಷಯ ಮನೆಯವರಿಗೆ ತಿಳಿಸಿದ್ದಕ್ಕೆ ಒಂದು ಸಹಿ ಬೇಕಿತ್ತು. ಮನೆಯವರು ಅಂತ ಉಳಿದಿದ್ದವಳು ಅವಳೊಬ್ಬಳೇ. ಕಾನ್‌ಸ್ಟೇಬಲ್ ಪೆನ್ನು ಕೊಟ್ಟ, ಅವಳು ಸಹಿ ಹಾಕಿದಳು.