ಚಿಕ್ಕಮ್ಮನ ಜರ್ಮನ್ ಹಲ್ಲು

“ನನ್ನ ಚಾರ್ಟ್ ಯಾರು ನುಂಗಿದ್ದು? ನಾಳೆ ಎಕ್ಸಾಮ್!” ಮೇಣ ಕೊರೆಯುವ ಚಾಕುವನ್ನು ಕೆಳಗಿಟ್ಟು ಚಿಕ್ಕಮ್ಮ ಕೂಗಿದಳು.

ಅಕ್ಕನ ಮಗಳು ಗುಬ್ಬಿ ಪುಸ್ತಕ ಅವಚಿಕೊಂಡು ಮೆಲ್ಲಗೆ ಬಾಗಿಲ ಹಿಂದೆ ಸರಿದಳು. ಚಾರ್ಟು ಅವಳ ಗಣಿತದ ಪುಸ್ತಕದೊಳಗೆ ಮಡಚಿಕೊಂಡು ಕುಳಿತಿತ್ತು.

ಚಿಕ್ಕಮ್ಮನದು ಹಲ್ಲಿನ ಸೆಟ್ ಮಾಡುವ ಕೆಲಸ. ಮುಂದಿನ ಕೋಣೆಯ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯ್ತೆರೆದಿದ್ದವು. ಜರ್ಮನ್ ಪರೀಕ್ಷೆ ಪಾಸಾದರೆ ಅವಳು ಆ ದೇಶದ ದೊಡ್ಡ ಲ್ಯಾಬಿಗೆ ಮೂರು ವರ್ಷ ಕಲಿಯಲು ಹೋಗುವವಳು. ಪಾಸಾಗದಿದ್ದರೆ ಇಲ್ಲಿಯೇ ಇರುವವಳು. ಗುಬ್ಬಿಗೆ ಬೇಕಾದುದು ಅದೇ.

ಬಾಗಿಲ ಹಿಂದೆ ನಿಂತು ಅವಳು ಚಾರ್ಟಿನ ಮಡಿಕೆ ಬಿಡಿಸಿದಳು. ಮೇಲೆ ‘ಪುಲ್ಲಿಂಗ’ ಎಂದು ಬರೆದಿತ್ತು. ಹಲ್ಲು ಗಂಡಸಂತೆ! ಅವಳಿಗೆ ನಗು ಉಕ್ಕಿತು.

‘ದೇರ್ ತ್ಸಾನ್’ ಎಂದರೆ ಹಲ್ಲು. ಹಲ್ಲನ್ನು ಎನ್ನಲು ‘ದೇನ್ ತ್ಸಾನ್’. ಹಲ್ಲಿಗೆ ಎನ್ನಲು ‘ದೇಮ್ ತ್ಸಾನ್’. ನಮ್ಮ ಮಾತಿನಲ್ಲಿ ಹಲ್ಲಿನ ಬಾಲ ಬದಲಾಗುತ್ತದೆ. ಅವರ ಹಲ್ಲಾದರೋ ಅಲುಗಾಡುವುದಿಲ್ಲ. ಮುಂದಿರುವ ಪುಟ್ಟ ಪದವಷ್ಟೇ ವೇಷ ಬದಲಿಸುತ್ತದೆ. ಆದರೆ ನಾಲ್ಕನೆಯ ಸಾಲಿನಲ್ಲಿ ಹಲ್ಲಿನ ಎನ್ನಲು ‘ದೆಸ್ ತ್ಸಾನೆಸ್’ ಎಂದಿತ್ತು. ಇಲ್ಲಿ ಹಿಂದೆಯೂ ಏನೋ ಅಂಟಿಕೊಂಡಿದೆಯಲ್ಲ!

ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಮಧ್ಯಾಹ್ನದ ಊಟದವರೆಗೆ ಹೇಗೋ ತಡೆದುಕೊಂಡಳು. ತಟ್ಟೆಯ ಮುಂದೆ ಬಾಯಿ ಜಾರಿತು.

“ಚಿಕ್ಕಮ್ಮಾ, ಮೂರು ಸಾಲಲ್ಲಿ ಸುಮ್ನಿದ್ದ ಹಲ್ಲು ನಾಲ್ಕನೇದ್ರಲ್ಲಿ ಯಾಕೆ ಬಾಲ ಬೆಳೆಸ್ಕೊಂಡಿದೆ?”

ಚಿಕ್ಕಮ್ಮನ ಕೈ ನಿಂತಿತು. “ನಾಲ್ಕನೇ ಸಾಲು ನೀನು ಎಲ್ಲಿ ನೋಡ್ದೆ, ಕಳ್ಳಿ?”

ಗುಬ್ಬಿಯ ಕಿವಿಗಳು ಕೆಂಪಾದವು. ಎದ್ದು ಹೋಗಿ ಚಾರ್ಟನ್ನು ತಂದುಕೊಟ್ಟಳು. “ನೀನು ಫೇಲಾದ್ರೆ ಹೋಗಲ್ಲ ಅಲ್ವಾ, ಅದಕ್ಕೇ...”

ಚಿಕ್ಕಮ್ಮ ಬಯ್ಯಲಿಲ್ಲ. ಮಡಿಕೆಯ ಗೆರೆಗಳನ್ನು ಬೆರಳಿನಿಂದ ಸವರಿದಳು. “ಬಾಲ ಯಾಕೋ ನಂಗೂ ಗೊತ್ತಿಲ್ಲ ಕಣೇ. ಅಲ್ಲಿ ಹೋದ್ರೆ ಮೊದಲು ಅದನ್ನೇ ಕೇಳ್ತೀನಿ. ಬಾ, ಈಗ ನೀನೇ ನನ್ನ ಟೀಚರ್.”

ಮೇಣದಲ್ಲಿ ಒಂದೊಂದು ಹಲ್ಲು ಕೂರಿಸುವಾಗಲೂ ಒಂದೊಂದು ರೂಪ ಹೇಳುವುದು ಚಿಕ್ಕಮ್ಮನ ಪದ್ಧತಿ. ಗುಬ್ಬಿ ಚಾರ್ಟು ಹಿಡಿದು ಎದುರು ಕುಳಿತಳು.

“ಹಲ್ಲಿಗೆ?”

“ದೇನ್ ತ್ಸಾನ್.” ಚಿಕ್ಕಮ್ಮ ಹಲ್ಲನ್ನು ಮೆಲ್ಲಗೆ ಒತ್ತಿದಳು. “ಸರಿ ತಾನೇ?”

ಗುಬ್ಬಿ ಚಾರ್ಟನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು. ಹೂಂ ಎಂದರೆ ಸಾಕಿತ್ತು.

ಅವಳು ಗಂಟಲು ಸರಿಪಡಿಸಿಕೊಂಡಳು.

“ತಪ್ಪು. ದೇಮ್. ಆ ಹಲ್ಲು ಕಿತ್ತು ಇನ್ನೊಂದ್ಸಲ ಕೂರಿಸು.”