ಮೂರನೆಯ ಅರ್ಜಿ

ತಾಯಿಯ ಕೈಯ ಚಿನ್ನದ ಬಳೆ ಕಾಣೆಯಾಗಿದೆ ಎಂದು ಮೊದಲು ಕೂಗಿದವನು ಮಗನೇ. ನಾವು ಹೋಗುವಷ್ಟರಲ್ಲಿ ಕೂಗಾಟ ನಿಂತಿತ್ತು. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿದ್ದ ಆ ಮುದುಕಿ ಸೂರು ನೋಡುತ್ತ ಮಲಗಿದ್ದರು. ಹತ್ತು ದಿನದ ಹಿಂದೆ ಕೆಲಸಕ್ಕೆ ಸೇರಿದ್ದ ಆಯಾ ಗೋಡೆಗೊರಗಿ ನಿಂತಿದ್ದಳು. ಅವಳ ಚೀಲದ ಬಟ್ಟೆಯೆಲ್ಲ ನೆಲದ ಮೇಲಿತ್ತು. ಅವಳು ಅಳುತ್ತಿರಲಿಲ್ಲ.

ಮನೆಗೆಲಸಕ್ಕೆ ಬರುವವರ ಪೂರ್ವಾಪರ ವಿಚಾರಿಸಿ ವರದಿ ಕೊಡುವುದು ನಮ್ಮ ಕಸುಬು. ಮೇಡಂ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ನಾನು ಅವರ ಸಹಾಯಕ. ಈ ಆಯಾಳ ವರದಿ ಬರೆದವನು ನಾನೇ.

"ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಯ್ತು," ಎಂದ ಮಗ. "ನಾಳೆ ನನ್ನ ತಂಗಿ ಬರ್ತಾಳೆ. ಇವಳೇ ತೆಗೆದದ್ದು ಅಂತ ನೀವು ಬರೆದುಕೊಡಬೇಕು."

"ಬಳೆ ಕೊನೇ ಸಲ ನೋಡಿದ್ದು ಯಾರು?" ಮೇಡಂ ಕೇಳಿದರು.

"ನಾನೇ. ಇವತ್ತು ಬೆಳಿಗ್ಗೆ ಎಂಟಕ್ಕೆ. ಎಡಗೈಯಲ್ಲಿತ್ತು."

"ಆಮೇಲೆ?"

"ಇವಳು ಮೈ ಒರೆಸಿದಳು. ಹತ್ತಕ್ಕೆ ನೋಡ್ತೀನಿ—ಇಲ್ಲ."

ಆಯಾ ತಲೆ ಎತ್ತಲಿಲ್ಲ. "ಆ ಕೈಯಲ್ಲಿ ನಾನು ಬಳೆ ನೋಡೇ ಇಲ್ಲ. ಬಂದ ದಿನದಿಂದಲೂ."

"ಮೊದಲೇ ಯಾಕೆ ಹೇಳಲಿಲ್ಲ?"

"ಇತ್ತು ಅಂತಲೇ ಗೊತ್ತಿರಲಿಲ್ಲ. ಇಲ್ಲ ಅಂತ ಹೇಗೆ ಹೇಳಲಿ?"

ಮೇಡಂ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. "ನೀವು ನೋಡಿದ್ರಾ?"

"ಆಸ್ಪತ್ರೆಯಿಂದ ಬಂದಮೇಲೆ ಅತ್ತೆಯ ಕೈ ಹೊದಿಕೆಯೊಳಗೇ ಇರುತ್ತೆ. ನಾನು ಗಮನಿಸಲಿಲ್ಲ. ಬಳೆ ನಾದಿನಿಗೆ ಅಂತ ಅವರು ಮೊದಲಿಂದ ಹೇಳ್ತಿದ್ರು."

ಮೇಡಂ ಹೊದಿಕೆ ಸರಿಸಿದರು. ಎಡಗೈ ಮೊಣಕೈಯಿಂದ ಬೆರಳ ತುದಿವರೆಗೆ ಊದಿತ್ತು.

"ಈ ಊತ ಯಾವಾಗಿಂದ?"

"ಆಸ್ಪತ್ರೆಗೆ ಸೇರಿಸಿದ ಎರಡು ದಿನಕ್ಕೇ ಶುರುವಾಯ್ತು. ಮೂರು ವಾರ ಆಯ್ತು. ಇಳಿದೇ ಇಲ್ಲ," ಎಂದಳು ಸೊಸೆ.

ಮೇಡಂ ಮಣಿಕಟ್ಟಿನ ಮೇಲೆ ಮೆಲ್ಲಗೆ ಬೆರಳೊತ್ತಿದರು. "ವರದಿ ಓದಿ ಈಕೆಯನ್ನ ಆರಿಸಿದ್ದು ಯಾರು?"

"ಇವರೇ," ಎಂದಳು ಸೊಸೆ. "ನನಗೆ ತೋರಿಸಲಿಲ್ಲ."

"ಇಲ್ಲಿ ನೋಡಿ," ಎಂದರು ಮೇಡಂ. "ನಾನು ಒತ್ತಿದ ಗುಳಿ ಇನ್ನೂ ಹಾಗೇ ಇದೆ. ಬೆಳಿಗ್ಗೆವರೆಗೂ ಬಳೆ ಇದ್ದಿದ್ದರೆ ಸುತ್ತಲೂ ಗೆರೆ ಬಿದ್ದಿರಬೇಕಿತ್ತು. ಇಷ್ಟು ಊದಿದ ಮುಷ್ಟಿ ದಾಟಿಸಿ ಎಳೆದಿದ್ದರೆ ಚರ್ಮ ತರಚಿರಬೇಕಿತ್ತು. ಎರಡೂ ಇಲ್ಲ. ಬಳೆ ಹೋಗಿದ್ದು ಕೈ ಊದೋಕೆ ಮುಂಚೆ—ಈಕೆ ಬರೋಕೂ ಮುಂಚೆ. ಎಂಟು ಗಂಟೆಗೆ ನೀವು ನೋಡಿದ್ದೇನು?"

"ನೆನಪು ತಪ್ಪಿರಬಹುದು."

"ನೆನಪು ತಪ್ಪುತ್ತೆ. ಆದರೆ ಆಯ್ಕೆ? ಮೂವರ ಅರ್ಜಿ ಕೊಟ್ಟಿದ್ರಿ. ಎರಡು ವರದಿ ಚೊಕ್ಕ. ಮೂರನೆಯದರಲ್ಲಿ ಒಂದು ಸಾಲಿತ್ತು—ಹಿಂದಿನ ಮನೆಯಲ್ಲಿ ಕಳವಿನ ಆಪಾದನೆ; ಒಡವೆ ಆಮೇಲೆ ಆ ಮನೆಯ ಬೀರುವಿನಲ್ಲೇ ಸಿಕ್ಕಿತು. ಹೆತ್ತ ತಾಯಿಗೆ ಆಳು ಹುಡುಕುವವರು ಮೊದಲೆರಡರಲ್ಲಿ ಒಂದು ತೆಗೀತಾರೆ. ನೀವು ಇದನ್ನೇ ತೆಗೆದ್ರಿ. ನಿಮಗೆ ಬೇಕಾಗಿದ್ದು ಆಯಾ ಅಲ್ಲ. ತಪ್ಪು ಹೊರಿಸೋಕೆ ಒಂದು ತಲೆ. ಬಳೆ ತೆಗೆದವರು ನೀವು."

ಅವನು ತಾಯಿಯ ಕೈ ಮೇಲೆ ಹೊದಿಕೆ ಎಳೆದ. "ಸೇರಿಸಿದ ದಿನವೇ ಆಸ್ಪತ್ರೆಯ ನರ್ಸು ಬಿಚ್ಚಿ ನನ್ನ ಕೈಗೆ ಕೊಟ್ರು. ಅಮ್ಮ ಉಳಿಯಲ್ಲ ಅಂತ ಡಾಕ್ಟರು ಅಂದಿದ್ರು. ಮಾರಿಬಿಟ್ಟೆ."

ಸೊಸೆ ಕಿಟಕಿಯ ಹತ್ತಿರ ಹೋಗಿ ನಿಂತಳು.

ನಾನು ಬಗ್ಗಿ ಆಯಾಳ ಬಟ್ಟೆ ಎತ್ತಿಕೊಡಹೋದೆ. ಅವಳು ಬೇಡವೆಂದಳು.

"ಆ ಸಾಲು ಬರೆಯಬಾರದಿತ್ತು," ಎಂದೆ.

"ಸುಳ್ಳೇನೂ ಬರೀಲಿಲ್ವಲ್ಲ."

ಒಂದೊಂದೇ ಮಡಿಸಿ ಚೀಲಕ್ಕೆ ತುಂಬಿದಳು. ಮುದುಕಿಯ ತಲೆದಿಂಬು ಸರಿಮಾಡಿ, ಮಗನ ಎದುರು ನಿಂತಳು.

"ನಾಲ್ಕಕ್ಕೆ ಬಲಮಗ್ಗುಲಿಗೆ ಹೊರಳಿಸಿ. ಒಬ್ಬರ ಕೈಲಾಗಲ್ಲ, ಇಬ್ಬರೂ ಹಿಡೀಬೇಕು. ಮರೆತರೆ ಬೆನ್ನು ಹುಣ್ಣಾಗುತ್ತೆ."

ಅವನು ತಲೆಯಾಡಿಸಿದ. ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.