ಕೊರ್ಕೊಳ ಕಣ್ಣುಗಳು

ಮಾರ್ಚ್ 12, ಬುಧವಾರ, ಮಧ್ಯಾಹ್ನ 2.40. ಅಕ್ರಾ ನಗರದ ಜೇಮ್ಸ್‌ಟೌನ್ ಪೊಲೀಸ್ ಠಾಣೆಗೆ ಕಲಾವಿದ ಓಡಾರ್ಟೆ ಏದುಸಿರು ಬಿಡುತ್ತ ಬಂದು ದೂರು ಕೊಟ್ಟ. ಪ್ರದರ್ಶನದಲ್ಲಿದ್ದ ಅವನು ಮಾಡಿದ ಭಾವಚಿತ್ರವೊಂದು ಕಳುವಾಗಿತ್ತು. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹೆಣ್ಣಿನ ಮುಖ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಪರದೆ. ಅವುಗಳಲ್ಲಿ ವಿಡಿಯೊ ತೆಗೆದಿಟ್ಟ ಆಕೆಯದೇ ಕಣ್ಣುಗಳು ಎದುರು ನಿಂತವರನ್ನು ನೋಡುತ್ತಿದ್ದವು.

ಇನ್ಸ್‌ಪೆಕ್ಟರ್ ಲಮಿಲೆ ಎಫ್‌ಐಆರ್ ದಾಖಲಿಸಿದಳು.

"ಯಾರ ಮುಖ?"

"ಕೊರ್ಕೊ ಅಂತ. ಕಡಲದಂಡೇಲಿ ಮೀನನ್ನ ಹೊಗೇಲಿ ಒಣಗಿಸೋ ಕೆಲಸ ಮಾಡ್ತಿದ್ಲು. ಚಿತ್ರ ಮುಗಿಯೋಷ್ಟರಲ್ಲಿ ಜ್ವರ ಬಂದು ಹೋಗ್ಬಿಟ್ಲು ಮೇಡಂ."

"ಮನೆಯವರು ನೋಡಿದ್ರಾ?"

"ಸೋಮವಾರ ಅವಳಕ್ಕ ದೇದೇ ಬಂದಿದ್ರು. ಸಂಜೆ ತನಕ ಎದುರಿಗೇ ಕೂತಿದ್ರು."

3.30ಕ್ಕೆ ಸ್ಥಳ ಪಂಚನಾಮೆ. ಖಾಲಿ ಪೀಠದ ಮೇಲೆ ಎಣ್ಣೆಗೈಯ ಬೆರಳಚ್ಚು. ಕಾನ್ಸ್‌ಟೆಬಲ್ ಅಬ್ಲೋರ್ ಬಗ್ಗಿ ಮೂಸಿದ.

"ಹೊಗೆಮೀನು ಮೇಡಂ. ನಮ್ಮಮ್ಮನ ಕೈಯೂ ಹಿಂಗೇ ವಾಸನೆ."

ಕಾವಲುಗಾರ ತಲೆ ತಗ್ಗಿಸಿದ. "ಊಟದ ಹೊತ್ತಲ್ಲಿ ಒಬ್ಬಮ್ಮ ಮೀನಿನ ಬೋಗುಣಿ ತಗೊಂಡು ಹೊರಟ್ರು. ಭಾರ ಇತ್ತು. ಪಾಪ ಅಂತ ನಾನೇ ಅವರ ತಲೆ ಮೇಲೆ ಎತ್ತಿಟ್ಟೆ."

ಗುರುವಾರ ಬೆಳಿಗ್ಗೆ 8.15. ಹೊಗೆಯೊಲೆಗಳ ಹಿಂದಿನ ಕೋಣೆಯಲ್ಲಿ ದೇದೇ ಕೂತಿದ್ದಳು. ತೊಡೆಯ ಮೇಲೆ ತಂಗಿಯ ಮುಖ, ಅದರ ಕಣ್ಣುಗಳ ಮೇಲೆ ಅವಳ ಅಂಗೈ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಬಾ ಮಗಳೇ. ಇದನ್ನ ಆರಿಸೋದು ಹೆಂಗೆ ಅಂತ ಗೊತ್ತಾ?"

"ಯಾಕಮ್ಮ ತಂದ್ರಿ?"

"ಆಸ್ಪತ್ರೇಲಿ ಇವಳ ಕಣ್ಣು ಮುಚ್ಚಿದ್ದು ನಾನು, ಇದೇ ಕೈಯಲ್ಲಿ. ಅಲ್ಲಿ ಹೋಗಿ ನೋಡಿದ್ರೆ ಮತ್ತೆ ತೆರ್ಕೊಂಡು ಕೂತಿದಾಳೆ. ಬಂದೋರನ್ನೆಲ್ಲ ನೋಡ್ತಾನೇ ಇದಾಳೆ. ಹುಟ್ಟಿದಾಗಿಂದ ಒಲೆ ಮುಂದೆ ಬೆಂದೋಳು ಕಣಮ್ಮ. ಅವಳಿಗೆ ನಿದ್ದೆ ಬೇಡ್ವಾ?"

ಅಬ್ಲೋರ್ ಆ ಮರದ ಮುಖವನ್ನು ಎತ್ತಿಕೊಳ್ಳಲು ಕೈಚಾಚಿದ. ಲಮಿಲೆ ತಡೆದು ಓಡಾರ್ಟೆಗೆ ಫೋನ್ ಮಾಡಿದಳು.

ಅವನು ಬಂದು ಎಲ್ಲ ಕೇಳಿಸಿಕೊಂಡ. ದೇದೇಯ ಬೆರಳು ಹಿಡಿದು, ಮರದ ಕಿವಿಯ ಹಿಂದಿನ ಗುಂಡಿಯ ಮೇಲಿಟ್ಟ. "ಇಲ್ಲಿ ಒತ್ತಿ ಅಕ್ಕ."

ಪರದೆಗಳಲ್ಲಿ ರೆಪ್ಪೆಗಳು ಮೆಲ್ಲಗೆ ಇಳಿದವು. ದೇದೇ ಉಟ್ಟ ಬಟ್ಟೆಯ ಅಂಚಿನಿಂದ ತಂಗಿಯ ಹಣೆ ಒರೆಸಿದಳು.

9.25ಕ್ಕೆ ಆಕೆಯನ್ನು ಬಂಧಿಸಲಾಯಿತು. ದೂರು ವಾಪಸ್ ತಗೊಳ್ತೀನಿ ಎಂದ ಓಡಾರ್ಟೆ. ಅದನ್ನ ಕೋರ್ಟಲ್ಲಿ ಹೇಳಿ ಎಂದಳು ಲಮಿಲೆ. ನಂತರ ಜಪ್ತಿ ಪಂಚನಾಮೆಯಲ್ಲಿ ವಸ್ತುವಿನ ಸ್ಥಿತಿ ಎಂಬಲ್ಲಿ ತಾನೇ ಬರೆದಳು: 'ಕಣ್ಣುಗಳು ಮುಚ್ಚಿವೆ. ವಿಚಾರಣೆಗಾಗಿ ತೆರೆಯುವ ಅಗತ್ಯವಿಲ್ಲ.'